3ನೇ ಕ್ರಾಸ್ ಗಟಾರ ಮತ್ತು ನಮ್ಮ ಶೀಟ್‌ನ ಹಳದಿ ಸಾಲು

3ನೇ ಕ್ರಾಸ್, ಹುಣಸೆ ಮರದ ಎದುರು ಮನೆ:
ನಮಸ್ಕಾರ ಎಲ್ಲರಿಗೂ. ನಿನ್ನೆ ಸಂಜೆ ಬಂದದ್ದು ಒಂದೇ ತಾಸು ಮಳೆ. ಗಟಾರ ತುಂಬಿ ನೀರು ನಮ್ಮ ಕಟ್ಟೆ ಏರಿತು. ಪಕ್ಕದ ಮನೆ ಅಜ್ಜಿ ಜೋಳದ ಚೀಲ ಮಂಚದ ಮೇಲೆ ಇಟ್ಟುಕೊಂಡು ರಾತ್ರಿಯೆಲ್ಲ ಕೂತಿದ್ದರು. ನಮ್ಮ ಹುಬ್ಬಳ್ಳಿ ಎರೆ ಮಣ್ಣಿನಲ್ಲಿ ನೀರು ಬೇಗ ಇಂಗೋದಿಲ್ಲ, ಹರಿದೇ ಹೋಗಬೇಕು. ಆಮೇಲೆ ನಮ್ಮ ಬಡಾವಣೆ ಸಂಘದ ಕೆಲಸಗಳ ಪಟ್ಟಿಯಿರೋ ಗೂಗಲ್ ಶೀಟ್ ತೆಗೆದು ನೋಡಿದರೆ ಆ ಗಟಾರದ ಸಾಲು ಹಳದಿ, 'ನಡೆದಿದೆ' ಅಂತ. ಯಾರು ಯಾವಾಗ ಬದಲಿಸಿದರು ಅಂತ ತೋರಿಸೋ ವರ್ಷನ್ ಹಿಸ್ಟರಿ ನೋಡಿದೆ. ಒಂದು ತಿಂಗಳಿಂದ ಯಾರೂ ಮುಟ್ಟಿಲ್ಲ. ಹಳದಿ ಇದೆ, ಯಾರೋ ಮಾಡ್ತಿದ್ದಾರೆ ಅಂತ ಎಲ್ಲರೂ ಸುಮ್ನಿದ್ದೆವು, ಅಲ್ವಾ?

ಕಾರ್ಯದರ್ಶಿ:
ಅಕ್ಕಾ, ಹೂಳು ತೆಗೆಸಲು ಪಾಲಿಕೆಗೆ ಅರ್ಜಿ ಕೊಟ್ಟ ದಿನ ನಾನೇ ಹಚ್ಚಿದ ಹಳದಿ ಅದು. ಮುಂದೆ ಹೂಳು ತೆಗೆದರೋ ಇಲ್ಲವೋ ನೋಡಲಿಲ್ಲ. ತಪ್ಪಾಯಿತು. ಅಜ್ಜಿ ಮನೆಗೆ ಈಗಲೇ ಹೋಗಿ ಬರುತ್ತೇನೆ.

2ನೇ ಕ್ರಾಸ್, ಮೇಲಿನ ಮನೆ:
ಸರ್, ಕೈಯಿಂದ ಬಣ್ಣ ಹಚ್ಚೋದೇ ಬೇಡ. ಹಚ್ಚಿದವರು ಮರೆತರೆ ಬಣ್ಣ ಹಾಗೇ ಉಳಿಯುತ್ತದೆ. ಈಗ ಡ್ರಾಪ್‌ಡೌನ್ ಹಾಕಿದ್ದೇನೆ: ಆಗಬೇಕು, ನಡೆದಿದೆ, ಮುಗಿದಿದೆ. ಆರಿಸಿದ ಕೂಡಲೇ ಕಂಡೀಷನಲ್ ಫಾರ್ಮ್ಯಾಟಿಂಗ್ ತಾನೇ ಬಣ್ಣ ಕೊಡುತ್ತದೆ. 'ನಡೆದಿದೆ' ಅಂತಿದ್ದು, ಪಕ್ಕದ ತಾರೀಖು 7 ದಿನಕ್ಕಿಂತ ಹಳೆಯದಾದರೆ ಇಡೀ ಸಾಲು ಕೆಂಪು. ಈ ನಿಯಮವನ್ನು ಎಲ್ಲಕ್ಕಿಂತ ಮೇಲೆ ಇಟ್ಟಿದ್ದೇನೆ, ಯಾಕಂದ್ರೆ ಗೂಗಲ್ ಶೀಟ್ಸ್ ಮೇಲಿನ ನಿಯಮವನ್ನೇ ಮೊದಲು ಹಿಡಿಯುತ್ತದೆ. ದಯವಿಟ್ಟು ಅದನ್ನು ಕೆಳಗೆ ಎಳೆಯಬೇಡಿ. ಸ್ಥಳಕ್ಕೆ ಹೋಗಿ ಕಣ್ಣಾರೆ ನೋಡಿದ ಮೇಲೆಯೇ ತಾರೀಖು ಬದಲಿಸಿ.

1ನೇ ಕ್ರಾಸ್, ಮೂಲೆ ಮನೆ:
ತಮ್ಮಾ, ನನಗೆ ಕೆಂಪು, ಹಸಿರು ಎರಡೂ ಒಂದೇ ಥರ ಕಾಣುತ್ತವೆ. ಚಿಕ್ಕಂದಿನಿಂದ ಹೀಗೇ. ಬಣ್ಣ ನೋಡಿ ನನಗೇನೂ ತಿಳಿಯೋದಿಲ್ಲ.

2ನೇ ಕ್ರಾಸ್, ಮೇಲಿನ ಮನೆ:
ಕಾಕಾ, ಹೇಳಿದ್ದು ಬಹಳ ಒಳ್ಳೆಯದಾಯಿತು. ಹಸಿರು ತೆಗೆದು ನೀಲಿ ಮಾಡಿದೆ. ಕೆಂಪಾದ ಸಾಲಿನ ಕೊನೆಗೆ 'ತಡವಾಗಿದೆ' ಅಂತ ಅಕ್ಷರದಲ್ಲೂ ಬರುತ್ತದೆ. ಈಗ ನೋಡಿ ಹೇಳ್ತೀರಾ?

1ನೇ ಕ್ರಾಸ್, ಮೂಲೆ ಮನೆ:
ಈಗ ಚೆನ್ನಾಗಿ ತಿಳಿಯುತ್ತದೆ. 4 ಸಾಲು ತಡವಾಗಿವೆ. 'ಯಾರು' ಅನ್ನೋ ಕಾಲಂನಲ್ಲಿ ಒಂದರ ಮುಂದೂ ಹೆಸರಿಲ್ಲವಲ್ಲ? ಚರಂಡಿ ಜಾಲರಿಯ ಕಸ ತೆಗೆಯೋದು ನನ್ನ ಮನೆ ಮುಂದಿನದೇ, ಅದಕ್ಕೆ ನನ್ನ ಹೆಸರು ಬರೆಯಿರಿ.

3ನೇ ಕ್ರಾಸ್, ಹುಣಸೆ ಮರದ ಎದುರು ಮನೆ:
ಹೂಳಿನ ಸಾಲಿಗೆ ನನ್ನ ಹೆಸರು ಹಾಕಿದೆ. ನಾಳೆ ಬೆಳಿಗ್ಗೆ 10ಕ್ಕೆ ಅರ್ಜಿಯ ಪ್ರತಿ ಹಿಡಿದು ಪಾಲಿಕೆಗೆ ಹೋಗ್ತೀನಿ. ಜೊತೆಗೆ ಯಾರು ಬರ್ತೀರಿ?

ಕಾರ್ಯದರ್ಶಿ:
ನಾನು ಬರ್ತೀನಿ ಅಕ್ಕಾ. ಅಜ್ಜಿ ಮನೆಯ ಚೀಲ ಒಣಗಿದೆ, ಜೋಳ ಕೆಟ್ಟಿಲ್ಲ.