ಎರಡೇ ಮೆಷಿನ್ ಇದ್ದಾಗ ಫೇಲ್‌ಓವರ್ ತಾನಾಗಿಯೇ ಆಗಲು ಬಿಡಬಹುದಾ?

ಪ್ರಶ್ನೆ

ಒಂದು ಆಸ್ಪತ್ರೆಯ ಡೇಟಾಬೇಸ್ ನೋಡಿಕೊಳ್ಳುವುದು ನನ್ನ ಕೆಲಸ. ಪೋಸ್ಟ್‌ಗ್ರೆಸ್ 15. ಪ್ರೈಮರಿ (ಎಲ್ಲರೂ ಬರೆಯುವ ಮೆಷಿನ್) ಹಳೇ ಕಟ್ಟಡದಲ್ಲಿದೆ, ಸ್ಟ್ಯಾಂಡ್‌ಬೈ (ಅದರ ನಕಲು ಇಟ್ಟುಕೊಳ್ಳುವ ಮೆಷಿನ್) ಹೊಸ ಕಟ್ಟಡದಲ್ಲಿ. ನಡುವೆ ಸ್ಟ್ರೀಮಿಂಗ್ ರೆಪ್ಲಿಕೇಶನ್, ಅಂದರೆ ಪ್ರೈಮರಿಯಲ್ಲಿ ಬರೆದದ್ದು ಸ್ಟ್ಯಾಂಡ್‌ಬೈಗೆ ಹರಿದು ಹೋಗುತ್ತಾ ಇರುತ್ತದೆ. ನಾನೇ ಬರೆದ ಸ್ಕ್ರಿಪ್ಟ್ ಒಂದು ಸ್ಟ್ಯಾಂಡ್‌ಬೈನಲ್ಲಿ ಕೂತು ಐದು ಸೆಕೆಂಡಿಗೊಮ್ಮೆ ಪ್ರೈಮರಿಯನ್ನು ಮಾತಾಡಿಸುತ್ತದೆ. ಮೂರು ಸಲ ಉತ್ತರ ಬರದಿದ್ದರೆ ಸ್ಟ್ಯಾಂಡ್‌ಬೈಯನ್ನು ಪ್ರಮೋಟ್ ಮಾಡುತ್ತದೆ, ಅಂದರೆ ಅದನ್ನೇ ಹೊಸ ಪ್ರೈಮರಿ ಮಾಡುತ್ತದೆ. ಫೇಲ್‌ಓವರ್ ಅನ್ನುವುದು ಇದಕ್ಕೇ.

ಕಳೆದ ಮಂಗಳವಾರ ಬೆಳಗ್ಗೆ ಓಪಿಡಿ ತುಂಬಿದ್ದ ಹೊತ್ತಿಗೆ ಎರಡು ಕಟ್ಟಡಗಳ ನಡುವಿನ ಸ್ವಿಚ್ ಕೈಕೊಟ್ಟಿತು. ಪ್ರೈಮರಿಗೆ ಏನೂ ಆಗಿರಲಿಲ್ಲ. ಆದರೆ ಸ್ಟ್ಯಾಂಡ್‌ಬೈ ಕಣ್ಣಿಗೆ ಅದು ಬೀಳಲಿಲ್ಲ, ಹಾಗಾಗಿ ತಾನೇ ಪ್ರೈಮರಿ ಆಯಿತು. 25 ನಿಮಿಷ ಎರಡೂ ಪ್ರೈಮರಿ! ಹಳೇ ಕಟ್ಟಡದ ಲ್ಯಾಬ್ ಒಂದರಲ್ಲಿ ರಿಪೋರ್ಟ್ ಬರೆಯಿತು, ಹೊಸ ಕಟ್ಟಡದ ಕೌಂಟರ್ ಇನ್ನೊಂದರಲ್ಲಿ. ಒಂದೇ ನಂಬರ್ ಬೇರೆ ಬೇರೆ ರೋಗಿಗಳಿಗೆ ಹೋಗಿದ್ದೂ ಇದೆ. ಎರಡು ರಾತ್ರಿ ಕೂತು ಒಂದೊಂದೇ ಸಾಲು ಹೋಲಿಸಿ ಸರಿ ಮಾಡಿದೆ. ಒಬ್ಬರ ರಕ್ತದ ರಿಪೋರ್ಟ್ ಇನ್ನೊಬ್ಬರ ಕೈಗೆ ಹೋಗಿದ್ದರೆ ಅನ್ನುವ ಭಯ ಇನ್ನೂ ಹೋಗಿಲ್ಲ.

ಮೂರು ಸಲದ ಬದಲು ಹತ್ತು ಸಲ ಕಾಯುವ ಹಾಗೆ ಮಾಡಿದರೆ ಸಾಕಾ?

ಉತ್ತರ 1

ಸಾಲದು. ಇದೇ ಅನಾಹುತ 35 ಸೆಕೆಂಡ್ ತಡವಾಗಿ ಆಗುತ್ತದೆ, ಅಷ್ಟೇ. ಪ್ರೈಮರಿ ಸತ್ತಿದೆಯೋ, ನಡುವಿನ ದಾರಿ ಸತ್ತಿದೆಯೋ ಅಂತ ಸ್ಟ್ಯಾಂಡ್‌ಬೈಗೆ ಒಂಟಿಯಾಗಿ ಗೊತ್ತಾಗುವುದಿಲ್ಲ. ಮೂರನೆಯವರ ಮತ ಬೇಕು.

ಪ್ಯಾಟ್ರೋನಿ (ಪೋಸ್ಟ್‌ಗ್ರೆಸ್ ಫೇಲ್‌ಓವರ್ ನೋಡಿಕೊಳ್ಳುವ ಸಾಫ್ಟ್‌ವೇರ್) ಹಾಕಿ, ಜೊತೆಗೆ ಮೂರು ಎಟ್‌ಸಿಡಿ (ಬಹುಮತದಿಂದ ನಡೆಯುವ ಚಿಕ್ಕ ಡೇಟಾ ಸ್ಟೋರ್). ಲೀಡರ್ ಬೀಗದ ಕೈ ಎಟ್‌ಸಿಡಿಯಲ್ಲಿರುತ್ತದೆ, ಅದು ಯಾರ ಹೆಸರಲ್ಲಿದೆಯೋ ಅವರೇ ಪ್ರೈಮರಿ. ಸೆಟ್ಟಿಂಗ್ ಮುಟ್ಟದೆ ಬಿಟ್ಟರೆ ಅದರ ಆಯಸ್ಸು 30 ಸೆಕೆಂಡ್. ಪ್ರೈಮರಿ ಸುಮಾರು 10 ಸೆಕೆಂಡಿಗೊಮ್ಮೆ ಅದನ್ನು ನವೀಕರಿಸುತ್ತಾ ಇರಬೇಕು. ಆಗದಿದ್ದರೆ ತಾನೇ ಕೆಳಗಿಳಿಯುತ್ತದೆ. ನಿಮ್ಮ ಸ್ಕ್ರಿಪ್ಟ್ ಹೊಸಬನನ್ನು ಏರಿಸಿತು, ಹಳಬನನ್ನು ಇಳಿಸುವವರು ಯಾರೂ ಇರಲಿಲ್ಲ ಅಲ್ವಾ?

ಮೂರನೇ ಎಟ್‌ಸಿಡಿಗೆ ಚಿಕ್ಕ ಮೆಷಿನ್ ಸಾಕು. ಆದರೆ ಡಿಸ್ಕ್ ನಿಧಾನ ಇರಬಾರದು. ಅದನ್ನು ಈ ಎರಡೂ ಕಟ್ಟಡ ಬಿಟ್ಟು ಬೇರೆ ಕಡೆ ಇಡಿ, ಅಲ್ಲಿಂದ ಎರಡಕ್ಕೂ ಬೇರೆ ಬೇರೆ ಕೇಬಲ್ ಹೋಗಲಿ.

ಉತ್ತರ 2

ಮೇಲಿನ ಮಾತು ಒಪ್ಪುತ್ತೇನೆ. ಆದರೆ ಮತದಾನ ಇದ್ದರೂ ಡೇಟಾ ಹೋಗಬಹುದು. 2018ರ ಅಕ್ಟೋಬರ್ 21ರಂದು ಕೋಡ್ ಇಡುವ ತಾಣ ಗಿಟ್‌ಹಬ್‌ನಲ್ಲಿ 43 ಸೆಕೆಂಡ್ ನೆಟ್‌ವರ್ಕ್ ಹೋಯಿತು. ಅವರ ಮೈಎಸ್‌ಕ್ಯೂಎಲ್ ಡೇಟಾಬೇಸ್ ಪ್ರೈಮರಿಗಳು ಅಮೆರಿಕದ ಪೂರ್ವ ಕರಾವಳಿಯಿಂದ ಪಶ್ಚಿಮಕ್ಕೆ ತಾನಾಗಿಯೇ ಬದಲಾದವು. ಪೂರ್ವದಲ್ಲಿ ಆ ಹೊತ್ತಿಗೆ ಬರೆದ ಕೆಲವು ಸಾಲು ಪಶ್ಚಿಮಕ್ಕೆ ತಲುಪಿರಲಿಲ್ಲ. ಎಲ್ಲಾ ಸರಿಹೋಗಲು 24 ಗಂಟೆ 11 ನಿಮಿಷ ಹಿಡಿಯಿತು.

ನೀವು ಅಸಿಂಕ್ (ಸ್ಟ್ಯಾಂಡ್‌ಬೈಗೆ ತಲುಪುವ ತನಕ ಪ್ರೈಮರಿ ಕಾಯದ ರೀತಿ) ಇಟ್ಟುಕೊಂಡಿದ್ದರೆ ನಿಮಗೂ ಇದೇ ಆಗಬಹುದು. ಲ್ಯಾಬ್ ರಿಪೋರ್ಟ್ ವಿಷಯ ಆದ್ದರಿಂದ ಸಿಂಕ್ರೊನಸ್ (ತಲುಪುವ ತನಕ ಕಾಯುವ ರೀತಿ) ಮಾಡಿ. ಬರಹ ಸ್ವಲ್ಪ ನಿಧಾನ ಆಗುತ್ತದೆ, ಆಗಲಿ. ಅದೂ ಆಗದಿದ್ದರೆ, ನನ್ನ ಮಟ್ಟಿಗೆ ಫೇಲ್‌ಓವರ್ ಮನುಷ್ಯರೇ ಮಾಡಲಿ. ಫೋನ್ ಬಂದು, ನೋಡಿ, ಒತ್ತಲು ಹತ್ತು ನಿಮಿಷ ಬೇಕಾಗಬಹುದು. ನಿಮ್ಮ ಎರಡು ರಾತ್ರಿಗಿಂತ ಅದು ಜಾಸ್ತಿ ಅಲ್ಲ.

ಪ್ರಶ್ನೆ ಕೇಳಿದವರು

ಇಬ್ಬರಿಗೂ ಥ್ಯಾಂಕ್ಸ್. ಸ್ಕ್ರಿಪ್ಟ್ ಇವತ್ತೇ ನಿಲ್ಲಿಸಿದೆ. ಮೂರನೇ ಮೆಷಿನ್ ಇಡಲು ಗೇಟ್ ಹತ್ತಿರದ ಔಷಧಿ ಅಂಗಡಿಯಲ್ಲಿ ಜಾಗ ಕೇಳಿದ್ದೇನೆ. ಅದು ಆಗುವ ತನಕ ಫೋನ್ ಬಂದರೆ ನಾನೇ ಮಾಡುತ್ತೇನೆ. ಹಳೇ ಪ್ರೈಮರಿ ಹಾಗೇ ನಿಂತಿದೆ. ಪಿಜಿ_ರಿವೈಂಡ್ (ದಾರಿ ತಪ್ಪಿದ ಹಳೇ ಪ್ರೈಮರಿಯನ್ನು ಹೊಸ ಪ್ರೈಮರಿಗೆ ಹೊಂದಿಸುವ ಸಾಧನ) ಓಡಿಸಿ ಸ್ಟ್ಯಾಂಡ್‌ಬೈ ಮಾಡಲಾ?

ಉತ್ತರ 1

ಓಡಿಸಬಹುದು, ಚೆಕ್‌ಸಮ್ ಇಲ್ಲವೇ ವಾಲ್_ಲಾಗ್_ಹಿಂಟ್ಸ್ ಅನ್ನುವ ಪೋಸ್ಟ್‌ಗ್ರೆಸ್ ಸೆಟ್ಟಿಂಗ್ ಮೊದಲಿಂದಲೇ ಆನ್ ಇದ್ದರೆ. ಆದರೆ ಆ 25 ನಿಮಿಷದಲ್ಲಿ ಹಳೇ ಮೆಷಿನ್‌ನಲ್ಲಿ ಲ್ಯಾಬ್ ಬರೆದದ್ದೆಲ್ಲ ರಿವೈಂಡ್ ಮಾಡಿದ ಕೂಡಲೇ ಹೋಗುತ್ತದೆ. ನೀವು ಹೋಲಿಸುವಾಗ ಒಂದು ಸಾಲು ಕಣ್ತಪ್ಪಿದ್ದರೂ ಆಮೇಲೆ ನೋಡಲು ಅದೊಂದೇ ಜಾಗ. ಮೊದಲು ಡೇಟಾ ಡೈರೆಕ್ಟರಿ ಪೂರ್ತಿ ಕಾಪಿ ಮಾಡಿ ಬೇರೆ ಡಿಸ್ಕ್‌ನಲ್ಲಿಡಿ. ಆಮೇಲೆ ರಿವೈಂಡ್.