ಅಥೆನ್ಸ್‌ನ ಗೂಬೆ ನಾಣ್ಯ, ಮೇಲೆ ಉಳಿಯ ಕಚ್ಚು: ತಗೋಬಹುದಾ?

ಕಲಬುರಗಿ ಸೊಸೆ
ನಮ್ಮ ಮಾವನವರಿಗೆ ಹಳೆ ನಾಣ್ಯ ಅಂದ್ರೆ ಪ್ರಾಣ. ಬಹಮನಿ ಕಾಲದ ತಾಮ್ರದ ನಾಣ್ಯಗಳನ್ನು ಡಬ್ಬಿ ತುಂಬ ಕೂಡಿಟ್ಟಿದ್ದಾರೆ. ಈಗ ಪರಿಚಯದ ವ್ಯಾಪಾರಿಯೊಬ್ಬರು ಅಥೆನ್ಸ್‌ನ ಬೆಳ್ಳಿ ನಾಣ್ಯ ಅಂತ ಒಂದನ್ನು ತೋರಿಸಿದ್ದಾರೆ. ಒಂದು ಕಡೆ ಅಥೀನಾ ದೇವಿಯ ಮುಖ, ಇನ್ನೊಂದು ಕಡೆ ಗೂಬೆ. ತೂಕ 15.1 ಗ್ರಾಂ. ಗೂಬೆಯ ಮೈಮೇಲೆ ಆಳವಾದ ಕಚ್ಚು. ಅದಕ್ಕೇ ಕಡಿಮೆ ರೇಟು ಅಂತಾರೆ. ಅತ್ತೆ ಬೇರೆ, ಗೂಬೆ ಮನೆಯೊಳಗೆ ಬೇಡವೇ ಬೇಡ ಅಂತಿದ್ದಾರೆ. ಏನು ಮಾಡೋದು?

ಬೀದರ್ ಬಿದ್ರಿ ಕೆಲಸದವ
ಅಕ್ಕಾ, ನನಗೆ ಚಿಂತೆ ಆಗಿದ್ದು ತೂಕ ನೋಡಿ. ಈ ನಾಣ್ಯ ನಾಲ್ಕು ಡ್ರಾಕ್ಮಾದ್ದು (ಡ್ರಾಕ್ಮಾ ಅಂದರೆ ಆಗಿನ ಗ್ರೀಕರ ಹಣ), ಸುಮಾರು 17.2 ಗ್ರಾಂ ಇರಬೇಕು. ಸವೆದರೆ ಸ್ವಲ್ಪ ಇಳಿಯುತ್ತದೆ, ಆದರೆ ಎರಡು ಗ್ರಾಂ ಇಳಿದಿದೆ ಅಂದರೆ ಅದು ಜಾಸ್ತಿಯಾಯಿತು.

ಆ ಕಾಲದಲ್ಲೂ ತಾಮ್ರದ ಬಿಲ್ಲೆಗೆ ತೆಳುವಾಗಿ ಬೆಳ್ಳಿ ಹೊದಿಸಿ ಮೋಸ ಮಾಡುತ್ತಿದ್ದರು. ತಾಮ್ರ ಬೆಳ್ಳಿಗಿಂತ ಹಗುರ. ಅಷ್ಟೇ ದಪ್ಪ ಇದ್ದರೂ ತೂಕ ಕಡಿಮೆ ಬರುತ್ತದೆ. ಅದಕ್ಕೇ ನಾಣ್ಯ ಕೈಗೆ ಬಂದವರು ಉಳಿ ಇಟ್ಟು ಒಂದು ಏಟು ಹಾಕಿ ಒಳಗೆ ನೋಡುತ್ತಿದ್ದರು. ನಾವೂ ಬೆಳ್ಳಿ ತಂತಿ ತರುವಾಗ ತುದಿ ಕತ್ತರಿಸಿ ನೋಡುತ್ತೇವೆ. ಬಣ್ಣ ನಂಬಬಾರದು, ಕತ್ತರಿಸಿದ ಜಾಗ ನಂಬಬೇಕು.

ಆ ಕಚ್ಚಿನೊಳಗೆ ಭೂತಗನ್ನಡಿ ಹಿಡಿದು ನೋಡಿ. ಕೆಂಪೋ ಹಸಿರೋ ಕಂಡರೆ ಒಳಗೆ ತಾಮ್ರ. ಆಮೇಲೆ ಬೆಳ್ಳಿ ಅಂಗಡಿಯ ತಕ್ಕಡಿಯಲ್ಲಿ ದಾರ ಕಟ್ಟಿ ನೀರಿನಲ್ಲಿ ಮುಳುಗಿಸಿ ತೂಗಿಸಿ. 15.1 ಗ್ರಾಂ ಅಪ್ಪಟ ಬೆಳ್ಳಿಯಾದರೆ ನೀರಿನಲ್ಲಿ 1.44 ಗ್ರಾಂನಷ್ಟು ಇಳಿಯಬೇಕು. 1.6 ದಾಟಿತೋ, ವಾಪಸ್ ಕೊಟ್ಟುಬಿಡಿ. ದಯವಿಟ್ಟು ಹುಣಸೆಹಣ್ಣು ಹಾಕಿ ಮಾತ್ರ ಉಜ್ಜಬೇಡಿ.

ಯಾದಗಿರಿ ಮೇಷ್ಟ್ರು
ಬಿದ್ರಿ ಅಣ್ಣನ ಮಾತು ಸರಿ. ಕ್ರಿ.ಪೂ. 375ರ ಹೊತ್ತಿಗೆ ಅಥೆನ್ಸ್ ಇದಕ್ಕೊಂದು ಕಾನೂನೇ ಮಾಡಿತು. ಸಂತೆಯಲ್ಲಿ ಸರ್ಕಾರದ ಪರೀಕ್ಷಕ ಕೂರುತ್ತಿದ್ದ. ಆತ ಸರ್ಕಾರಕ್ಕೆ ಸೇರಿದ ಗುಲಾಮ. ಒಳಗೆ ಕಂಚೋ ಸೀಸವೋ ಕಂಡರೆ ಅಲ್ಲೇ ಕಡಿದು ದೇವಮಾತೆಗೆ, ಅಂದರೆ ಗ್ರೀಕ್ ದೇವತೆಗಳ ತಾಯಿಗೆ, ಒಪ್ಪಿಸುತ್ತಿದ್ದ. ಆತ ಒಪ್ಪಿದ ನಾಣ್ಯವನ್ನು ಬೇಡ ಅಂದ ವ್ಯಾಪಾರಿಯ ಅಂದಿನ ಸರಕು ಜಪ್ತಿ! ಈ ಕಾನೂನು ಕೆತ್ತಿದ ಕಲ್ಲು 1970ರಲ್ಲಿ ಸಿಕ್ಕಿತು.

ಬೆಳ್ಳಿ ಬರುತ್ತಿದ್ದುದು ಅಥೆನ್ಸ್‌ನದೇ ಲೌರಿಯನ್ ಗಣಿಯಿಂದ. ಕ್ರಿ.ಪೂ. 483ರಲ್ಲಿ ಅಲ್ಲಿ ಭಾರಿ ಬೆಳ್ಳಿ ಸಿಕ್ಕಾಗ ಜನರಿಗೆ ಹಂಚೋಣ ಅಂದವರಿದ್ದರು. ಅಥೆನ್ಸ್‌ನ ನಾಯಕ ಥೆಮಿಸ್ಟೋಕ್ಲಿಸ್ ಅದನ್ನು ಹಡಗು ಕಟ್ಟಲು ಹಾಕಿಸಿದ. ಮೂರು ವರ್ಷದ ನಂತರ ಸಲಾಮಿಸ್‌ನ ಸಮುದ್ರ ಯುದ್ಧದಲ್ಲಿ ಪರ್ಷಿಯನ್ನರು ಸೋತಿದ್ದು ಆ ಹಡಗುಗಳಿಂದ. ಅತ್ತೆಯವರಿಗೆ ಹೇಳಿ, ಅಲ್ಲಿ ಗೂಬೆ ಅಥೀನಾ ದೇವಿಯ ಹಕ್ಕಿ. ಇಂದಿನ ಗ್ರೀಸ್‌ನ ಒಂದು ಯೂರೋ ನಾಣ್ಯದ ಮೇಲೂ ಅದೇ ಗೂಬೆ ಇದೆ.

ಕಲಬುರಗಿ ಸೊಸೆ
ಈಗಷ್ಟೇ ಮಾವ ಭೂತಗನ್ನಡಿಯಲ್ಲಿ ನೋಡಿದರು. ಕಚ್ಚಿನ ಒಂದು ಮೂಲೆಯಲ್ಲಿ ಹಸಿರು ಇದೆ.

ಬೀದರ್ ಬಿದ್ರಿ ಕೆಲಸದವ
ಹಾಗಾದರೆ ಬೆಳ್ಳಿ ರೇಟು ಕೊಡಬೇಡಿ ಅಕ್ಕಾ. ಆದರೂ ನೀರಿನ ತೂಕ ಮಾಡಿಸಿ ಇಲ್ಲಿ ಹಾಕಿ. ಹಳೇ ಕಾಲದ ಮೋಸದ ನಾಣ್ಯವೇ ಆಗಿದ್ದರೆ ಅದಕ್ಕೂ ಒಂದು ಬೆಲೆ ಇದೆ. ಈಗ ಅಚ್ಚು ಹಾಕಿದ್ದಾದರೆ ಏನೂ ಇಲ್ಲ. ನಾಣ್ಯದ ಅಂಚಿನ ಫೋಟೋನೂ ಹಾಕಿ, ಎರಕ ಹೊಯ್ದ ಅಚ್ಚಿನ ಗೆರೆ ಇದೆಯಾ ನೋಡೋಣ.