ಕುಮಟಾದಿಂದ ಹುಬ್ಬಳ್ಳಿಗೆ ಕಲ್ವಾ ತರೋದು ಹೇಗೆ? ಬಾಯಿ ಬಿಡಿಸೋದು ಹೇಗೆ?

ವಿದ್ಯಾನಗರ ಮೀನುಪ್ರಿಯ:
ಕೆಲಸದ ಮೇಲೆ ತಿಂಗಳಿಗೊಮ್ಮೆ ಕುಮಟಾಕ್ಕೆ ಹೋಗುತ್ತೇನೆ. ಬರುವಾಗ ಒಂದೆರಡು ಡಜನ್ ಕಲ್ವಾ ತರುವ ಆಸೆ. ಕಲ್ವಾ ಅಂದರೆ ಬಂಡೆಗೆ ಅಂಟಿಕೊಂಡು ಬೆಳೆಯುತ್ತಲ್ಲ, ಆಯ್ಸ್ಟರ್, ಅದು. ಬಳಚು ಅಲ್ಲ. ಹೋದ ಸಲ ತಂದವನು, ಪಾಪ ಬಾಯಾರಿರಬೇಕು ಅಂತ ಬಕೆಟ್ಟಿಗೆ ನಳದ ನೀರು ಹಿಡಿದು ರಾತ್ರಿಯಿಡೀ ಮುಳುಗಿಸಿ ಇಟ್ಟೆ. ಬೆಳಿಗ್ಗೆ ಅರ್ಧಕ್ಕರ್ಧ ಬಾಯಿ ತೆರೆದುಕೊಂಡು ಬಿದ್ದಿದ್ದವು. ಆ ನಾತಕ್ಕೆ ಮನೆ ಮಾಲೀಕರು ಮಾಳಿಗೆಯಿಂದ ಇಳಿದು ಬಂದು, ಏನ್ರೀ ಇಲಿ ಸತ್ತಿದೆಯಾ ಅಂತ ಕೇಳಿದರು. ಉಳಿದವನ್ನು ಬಿಡಿಸೋಕೆ ಹೋಗಿ ತರಕಾರಿ ಚಾಕುವಿನ ತುದಿ ಮುರೀತು, ಹೆಬ್ಬೆರಳಿಗೆ ಮೂರು ಹೊಲಿಗೆ. ಆಫೀಸಿನ ಗೆಳೆಯ ಬೇರೆ, ನಿಂಬೆಹಣ್ಣು ಹಿಂಡಿ ಹಸಿಯಾಗೇ ತಿನ್ನು ಅಂತಾನೆ. ತಿನ್ನಬಹುದಾ?

ಅಂಕೋಲಾದವ, ಈಗ ನವನಗರ:
ನಳದ ನೀರೇ ಕೊಂದದ್ದು ರೀ. ಉಪ್ಪುನೀರಿನ ಜೀವ ಅದು, ಸಿಹಿನೀರಿನಲ್ಲಿ ಬದುಕಲ್ಲ. ಅದಕ್ಕೆ ಬಾಯಾರಿಕೆಯ ಚಿಂತೆಯೂ ಇಲ್ಲ. ದಿನಾ ನೀರು ಇಳಿದಾಗ ಬಂಡೆ ಮೇಲೆ ತಾಸುಗಟ್ಟಲೆ ಬಿಸಿಲಿಗೆ ಕೂತಿರುತ್ತದೆ, ಒಳಗೆ ತನ್ನ ಪಾಲಿನ ಸಮುದ್ರದ ನೀರು ಹಿಡಿದುಕೊಂಡು ಬಾಯಿ ಮುಚ್ಚಿರುತ್ತದೆ. ನೀವು ಮಾಡಬೇಕಾದ್ದು ಅದು ತಂಪಾಗಿ, ಒದ್ದೆಯಾಗಿ ಇರೋ ಹಾಗೆ ನೋಡಿಕೊಳ್ಳೋದು, ಅಷ್ಟೇ.

ಕೊಳ್ಳುವಾಗ ಬಾಯಿ ಮುಚ್ಚಿದ್ದು, ಕೈಗೆ ಭಾರ ಅನ್ನಿಸೋದು ಮಾತ್ರ ಆರಿಸಿ. ಎರಡನ್ನು ಒಂದಕ್ಕೊಂದು ತಟ್ಟಿ ನೋಡಿ. ಜೀವ ಇದ್ದದ್ದು ಕಲ್ಲಿಗೆ ಕಲ್ಲು ಬಡಿದ ಹಾಗೆ ಗಟ್ಟಿ ಸಪ್ಪಳ ಮಾಡುತ್ತದೆ, ಸತ್ತದ್ದು ಟೊಳ್ಳು. ಸ್ವಲ್ಪ ಬಾಯಿ ಬಿಟ್ಟದ್ದನ್ನು ತಟ್ಟಿದಾಗ ಮುಚ್ಚಿಕೊಂಡರೆ ಸರಿ, ಇಲ್ಲಾಂದ್ರೆ ಬಿಸಾಕಿ. ಗೋಣಿಚೀಲವನ್ನು ಅಲ್ಲೇ ಸಮುದ್ರದ ನೀರಿನಲ್ಲಿ ಅದ್ದಿ ಸುತ್ತಿ, ಥರ್ಮಾಕೋಲ್ ಡಬ್ಬಿಯಲ್ಲಿ ಐಸ್ ಮೇಲೆ ಇಡಿ. ಐಸ್ ಕರಗಿದ ನೀರು ತಾಕಬಾರದು, ತಳಕ್ಕೆ ತೂತು ಮಾಡಿ. ಪ್ಲಾಸ್ಟಿಕ್ ಚೀಲಕ್ಕೆ ಗಂಟು ಹಾಕಿ ಡಿಕ್ಕಿಯಲ್ಲಿ ಒಗೆದು ಅರಬೈಲ್ ಘಾಟಿ ಹತ್ತಿದರೆ ಸೆಖೆಗೆ ಉಸಿರುಕಟ್ಟಿ ಸಾಯಬಹುದು. ಮನೆಗೆ ಬಂದಮೇಲೆ ಫ್ರಿಜ್ಜಿನ ಕೆಳಗಿನ ತಟ್ಟೆಯಲ್ಲಿ, ಬೋಗುಣಿಯಂಥ ಚಿಪ್ಪು ಕೆಳಗೆ ಬರೋ ಹಾಗೆ ಇಟ್ಟು, ಮೇಲೆ ಒದ್ದೆ ಅರಿವೆ ಹೊದಿಸಿ. ಫ್ರೀಜರ್ ಬೇಡ. ಎರಡು ದಿನದೊಳಗೆ ಮುಗಿಸಿಬಿಡಿ, ಕರೆಂಟು ಹೋದರೆ ಇನ್ನೂ ಬೇಗ. ಮಳೆಗಾಲದಲ್ಲಂತೂ ತರಲೇಬೇಡಿ, ಹೊಳೆ ಹೊತ್ತು ತಂದ ಕೊಳೆಯೆಲ್ಲ ಅಳಿವೆಯಲ್ಲಿ ಇರುತ್ತದೆ.

ಹಳೇ ಹೋಟೆಲ್‌ನವ, ಧಾರವಾಡ:
ತರಕಾರಿ ಚಾಕು ಇನ್ನೊಮ್ಮೆ ಮುಟ್ಟಬೇಡಿ ಅಣ್ಣಾ. ಚೂಪು ಬೇಡ, ಗಟ್ಟಿ ಬೇಕು. ಗಿಡ್ಡನೆಯ, ಚಪ್ಪಟೆ ಮೂತಿಯ ಸ್ಕ್ರೂಡ್ರೈವರ್ ತೊಳೆದು ಬಳಸಿ. ಮೊದಲು ಚಿಪ್ಪನ್ನು ಬ್ರಷ್‌ನಿಂದ ತಿಕ್ಕಿ ಮಣ್ಣು ತೆಗೀರಿ. ದಪ್ಪ ಟವೆಲ್ಲನ್ನು ನಾಲ್ಕು ಮಡಿಕೆ ಮಾಡಿ, ಅದರಲ್ಲಿ ಹಿಡಿದು ಕಟ್ಟೆಗೆ ಒತ್ತಿ. ಕೈಯಲ್ಲಿ ಎತ್ತಿ ಹಿಡಿದರೆ ಮತ್ತೆ ಹೊಲಿಗೆ. ಎರಡು ಚಿಪ್ಪು ಕೂಡುವ ಚೂಪು ತುದಿಯಲ್ಲಿ ಕೀಲು ಇರುತ್ತದೆ, ಅಲ್ಲಿ ಮೂತಿ ಹೊಗಿಸಿ. ತಳ್ಳಬೇಡಿ, ಬೀಗದಲ್ಲಿ ಕೀಲಿಕೈ ತಿರುವಿದ ಹಾಗೆ ತಿರುವಿ. ಟಕ್ ಅನ್ನುತ್ತದೆ. ಆಮೇಲೆ ಮೊಂಡು ತುದಿಯ ಚಾಕುವನ್ನು ಮೇಲಿನ ಚಿಪ್ಪಿಗೆ ಒತ್ತಿಕೊಂಡೇ ಒಳಗೆ ಜಾರಿಸಿ, ಬಿಗಿಹಿಡಿದಿರೋ ಮಾಂಸದ ಗಂಟು ಕೊಯ್ದರೆ ಚಿಪ್ಪು ಕೈಗೆ ಬರುತ್ತದೆ.

ಗದಗದ ಸಿಸ್ಟರ್:
ಹಸಿ ಬೇಡ ಸರ್. ಕಲ್ವಾ ನೀರು ಸೋಸಿ ತಿನ್ನುವ ಪ್ರಾಣಿ, ಆ ನೀರಿನಲ್ಲಿದ್ದ ರೋಗಾಣು ಅದರ ಮೈಯಲ್ಲೇ ಉಳಿಯುತ್ತದೆ. ವಿಬ್ರಿಯೊ ಅಂತ ಒಂದು ಬ್ಯಾಕ್ಟೀರಿಯಾ ಇದೆ, ಲಿವರ್ ಕೆಟ್ಟವರಿಗೆ ಜೀವಕ್ಕೇ ಅಪಾಯ, ಸಕ್ಕರೆ ಕಾಯಿಲೆ ಇದ್ದವರಿಗೂ ಒಳ್ಳೇದಲ್ಲ. ನಿಂಬೆಹುಳಿಗೆ ಅದು ಸಾಯಲ್ಲ, ಖಾರಕ್ಕೂ ಇಲ್ಲ, ನಿಮ್ಮ ಗೆಳೆಯರ ಪೆಗ್ಗಿಗೂ ಇಲ್ಲ. ನೋಡೋಕೆ, ಮೂಸೋಕೆ ಏನೂ ಗೊತ್ತಾಗಲ್ಲ. ಇಡ್ಲಿ ಪಾತ್ರೆಯಲ್ಲಿ ಹಬೆಗೆ ಇಡಿ, ನೀರು ಕುದಿಯುತ್ತಿರಬೇಕು, 4ರಿಂದ 9 ನಿಮಿಷ. ನಾನಾದರೆ 9 ಇಡುತ್ತೇನೆ. ಬೆಂದಮೇಲೂ ಬಾಯಿ ಬಿಡದ್ದನ್ನು ಬಿಸಾಕಿ.

ಅಂಕೋಲಾದವ, ಈಗ ನವನಗರ:
ಸಿಸ್ಟರ್ ಹೇಳಿದ್ದು ಸರಿ. ನಮ್ಮ ಅವ್ವನೂ ಹಸಿ ಕೊಟ್ಟವಳಲ್ಲ, ತೆಂಗಿನಕಾಯಿ ಹಾಕಿ ಸುಕ್ಕಾ ಮಾಡುತ್ತಿದ್ದಳು.

ವಿದ್ಯಾನಗರ ಮೀನುಪ್ರಿಯ:
ತಂದೆ ಮಾರಾಯ್ರೆ! 24ರಲ್ಲಿ 3 ಬಿಸಾಕಿದೆ, ಎರಡು ತಟ್ಟಿದಾಗಲೇ ಟೊಳ್ಳು, ಒಂದು ಬೆಂದರೂ ಬಾಯಿ ಬಿಡಲಿಲ್ಲ. ಸ್ಕ್ರೂಡ್ರೈವರಿನಲ್ಲಿ ಒಂದು ಬಿಡಿಸೋಕೆ ಹತ್ತು ನಿಮಿಷ ಹಿಡೀತು, ಮಿಕ್ಕವು ಸೀದಾ ಇಡ್ಲಿ ಪಾತ್ರೆಗೆ. ಸುಕ್ಕಾ ಚೆನ್ನಾಗಿತ್ತು. ಆದರೆ ಹೆಂಡತಿ ಈಗ ಬೇರೆ ಇಡ್ಲಿ ಪಾತ್ರೆ ತಗೊಂಡು ಬಾ ಅಂತಿದ್ದಾಳೆ.